ವೃದ್ಧಾಶ್ರಮದ ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆ

ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮೂರಿನ ಸಣ್ಣ ಖಾಸಗಿ ಆಸ್ಪತ್ರೆಯಲ್ಲ; ವೃದ್ಧರೂ ದೀರ್ಘಕಾಲದ ರೋಗಿಗಳೂ ಉಳಿದುಕೊಂಡು ಶುಶ್ರೂಷೆ ಪಡೆಯುವ ಮನೆ. ಸರಕಾರದ ಮೆಡಿಕೈಡ್ ಯೋಜನೆಯ ಮಾನ್ಯತೆಯುಳ್ಳ ಇಂಥ ಮನೆಗೆ ಸೇರುವವರಿಗೆ ಗಂಭೀರ ಮಾನಸಿಕ ಕಾಯಿಲೆ ಅಥವಾ ಬುದ್ಧಿಮಾಂದ್ಯತೆ ಇದೆಯೇ ಎಂಬ ತಪಾಸಣೆ ಅಲ್ಲಿ ಕಡ್ಡಾಯ. ಖರ್ಚು ಯಾರೇ ಭರಿಸಲಿ, ನಿಯಮ ಒಂದೇ.

ಇದರ ಹಿಂದೆ ನೋವಿನ ಚರಿತ್ರೆಯಿದೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ದೊಡ್ಡ ಮಾನಸಿಕ ಆಸ್ಪತ್ರೆಗಳು ಖಾಲಿಯಾದಾಗ, ಹೊರಬಂದ ಅನೇಕರು ನರ್ಸಿಂಗ್ ಹೋಮ್‌ಗಳನ್ನು ಸೇರಿದರು. ಹಾಸಿಗೆ ಸಿಕ್ಕಿತು; ಮನಸ್ಸಿಗೆ ಬೇಕಾದ ಚಿಕಿತ್ಸೆ ಎಷ್ಟೋ ಮಂದಿಗೆ ಸಿಗಲಿಲ್ಲ. ಆದ್ದರಿಂದ 1987ರ ಕಾನೂನು ಎರಡು ಹಂತದ ತಪಾಸಣೆಯನ್ನು ತಂದಿತು. ಮೊದಲನೆಯದು ಪ್ರಾಥಮಿಕ ವಿಚಾರಣೆ. ಅದರಲ್ಲಿ ಸಂಶಯ ಬಂದರೆ ಎರಡನೆಯದು ವಿವರವಾದ ಪರೀಕ್ಷೆ. ಈ ವ್ಯಕ್ತಿಗೆ ನರ್ಸಿಂಗ್ ಹೋಮ್ ನಿಜಕ್ಕೂ ಬೇಕೇ? ಬೇಕಾದರೆ, ಮಾನಸಿಕ ಆರೋಗ್ಯಕ್ಕಾಗಿ ವಿಶೇಷ ಸೇವೆ ಬೇಕೇ? ಈ ಎರಡು ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗಬೇಕು.

ಈ ವ್ಯವಸ್ಥೆಯಲ್ಲೂ ಕೊರತೆಗಳಿವೆ. ಪ್ರತಿವರ್ಷದ ಮರುಪರಿಶೀಲನೆ 1996ರಲ್ಲಿ ರದ್ದಾಯಿತು. ಈಗ ಸ್ಥಿತಿಯಲ್ಲಿ ದೊಡ್ಡ ಬದಲಾವಣೆ ಕಂಡಾಗ ಮಾತ್ರ ಪರಿಶೀಲನೆ. ಆಸ್ಪತ್ರೆಯ ಹಾಸಿಗೆ ಬೇಗ ಖಾಲಿಯಾಗಲಿ ಎಂಬ ಅವಸರದಲ್ಲಿ ಫಾರಂ ತುಂಬಿಸಿದರೆ ಕಾನೂನಿನ ಉದ್ದೇಶವೇ ಸೋಲುತ್ತದೆ.

ನಮ್ಮಲ್ಲಿ? ಹಿರಿಯ ನಾಗರಿಕರ 2007ರ ಕಾಯ್ದೆ ಜಿಲ್ಲೆಗೊಂದು ವೃದ್ಧಾಶ್ರಮದ ಮಾತನ್ನಾಡುತ್ತದೆ. ಇಂಥ ತಪಾಸಣೆಯ ಮಾತು ಅದರಲ್ಲಿಲ್ಲ. ಮಾನಸಿಕ ಆರೋಗ್ಯ ಸೇವೆ ಪ್ರತಿಯೊಬ್ಬರ ಹಕ್ಕೆಂದು 2017ರ ಕಾಯ್ದೆ ಸಾರಿದೆ. ಆದರೂ ಹಿರಿಯರೊಬ್ಬರು ಊಟ ಬಿಟ್ಟು, ಮಾತು ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದರೆ ‘ಪ್ರಾಯ ಆಯಿತಲ್ಲ’ ಎಂದು ಸುಮ್ಮನಾಗುತ್ತೇವೆ. ಖಿನ್ನತೆ ಪ್ರಾಯದ ಗುಣವಲ್ಲ, ಕಾಯಿಲೆ; ಅದಕ್ಕೆ ಚಿಕಿತ್ಸೆಯಿದೆ.

ತಪಾಸಣೆ ಬಾಗಿಲು ಮುಚ್ಚುವ ನೆಪವಾಗಬಾರದು. ‘ತಲೆ ಸರಿಯಿಲ್ಲ’ ಎಂದು ಹಿಂದೆ ಕಳುಹಿಸುವುದು ಕ್ರಿಸ್ತೀಯ ಪ್ರೀತಿಯಲ್ಲ. ಕಾಯಿಲೆಯನ್ನು ಗುರುತಿಸದೆ ಒಳಗೆ ಸೇರಿಸಿ ಮರೆತುಬಿಡುವುದೂ ಪ್ರೀತಿಯಲ್ಲ. ಆಶ್ರಮ ನಡೆಸುವ ಧರ್ಮಭಗಿನಿಯರು ಬಿ.ಪಿ., ಶುಗರ್ ವಿಚಾರಿಸುವಾಗ ನಿದ್ದೆ, ಹಸಿವು, ದುಃಖದ ಬಗ್ಗೆಯೂ ವಿಚಾರಿಸಲಿ. ಸಂಗಾತಿ ತೀರಿಹೋದಾಗ, ಬಿದ್ದು ಮೂಳೆ ಮುರಿದಾಗ ಮತ್ತೊಮ್ಮೆ ಕೇಳಲಿ. ಅಗತ್ಯವಿದ್ದರೆ ಮನೋವೈದ್ಯರಿಗೆ ತೋರಿಸಲಿ. ಸರಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಕೂಡ ನೆರವಾಗುತ್ತದೆ.

ಪೋಪ್ ಫ್ರಾನ್ಸಿಸ್‌ರವರು 2021ರಲ್ಲಿ ಆರಂಭಿಸಿದ ಅಜ್ಜ ಅಜ್ಜಿಯರ ಮತ್ತು ವಯೋವೃದ್ಧರ ವಿಶ್ವ ದಿನ ಜುಲೈಯ ನಾಲ್ಕನೇ ಆದಿತ್ಯವಾರ ಬರುತ್ತದೆ. ಅಂದು ಆಶ್ರಮಗಳಿಗೆ ಹಣ್ಣು ಹಂಪಲು ಕೊಂಡೊಯ್ಯುವ ನಮ್ಮ ಸಂಘಟನೆಗಳು ಅರ್ಧ ಗಂಟೆ ಕುಳಿತು ಅವರ ಮಾತನ್ನೂ ಕೇಳಿ ಬರಲಿ.