ಉಲ್ಲನ್ ಅಂತ ಕೊಡೋದು ಉಣ್ಣೆಯೇ?

ಮೊನ್ನೆ ಚಿಕ್ಕಮಗಳೂರಿನಿಂದ ಹಾಸನಕ್ಕೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿಯೊಬ್ಬರು ನಾಲ್ಕು ಕಡ್ಡಿ ಹಿಡಿದು ಪುಟ್ಟ ಕಾಲುಚೀಲ ಹೆಣೆಯುತ್ತಿದ್ದರು. ಬೇಲೂರು ಬರುವುದರೊಳಗೆ ಹಿಮ್ಮಡಿ ತಿರುಗಿತ್ತು. ಮಗಳ ಬಾಣಂತನವಂತೆ. ಕುಲಾವಿ, ಸ್ವೆಟರ್ ಆಗಲೇ ಮುಗಿದಿವೆಯಂತೆ. "ಪ್ಯೂರ್ ಉಲ್ಲನ್ ಕಣಪ್ಪಾ, ಅಂಗಡಿಯವನೇ ಹೇಳಿದ" ಅಂದರು.

ಉಂಡೆಗೆ ಸುತ್ತಿದ್ದ ಚೀಟಿ ಓದಿದೆ. ನೂರಕ್ಕೆ ನೂರು ಅಕ್ರಿಲಿಕ್! ಕುರಿಯ ಮೈಯನ್ನೇ ಕಾಣದ ಪೆಟ್ರೋಲಿಯಂ ನೂಲು.

ಅಕ್ರಿಲಿಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ ಸ್ವಾಮಿ. ಅಗ್ಗ, ಮೆದು, ಒಗೆದರೆ ಕುಗ್ಗೋದಿಲ್ಲ. ಅಪ್ಪಟ ಮೆದು ಉಣ್ಣೆ ದುಬಾರಿ. ನಮ್ಮ ಕಂಬಳಿ ಉಣ್ಣೆಯಲ್ಲಿ ಹೆಣೆದರೆ ಚುಚ್ಚಿ ಕೂಸು ಕಿರುಚೀತು. ಆದರೆ ನಮ್ಮ ಕಡೆ ನೀರು ಹಾಕಿದ ಮೇಲೆ ಮಗುವಿಗೆ ಕೆಂಡದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುತ್ತಾರಲ್ಲ, ಭಯ ಇರೋದು ಅಲ್ಲಿ. (ಆ ಹೊಗೆಯೇ ಬೇಡ ಅಂತಾರೆ ಮಕ್ಕಳ ಡಾಕ್ಟರು. ಕೇಳುವವರಾರು?) ಕಿಡಿ ಬಿದ್ದರೆ ಉಣ್ಣೆ ಕರಟಿ ಸಾಮಾನ್ಯವಾಗಿ ತಾನೇ ಆರುತ್ತದೆ. ಅಕ್ರಿಲಿಕ್ ಹೊತ್ತಿ, ಕರಗಿ, ಚರ್ಮಕ್ಕೇ ಅಂಟಿಕೊಳ್ಳುತ್ತದೆ.

ಅಂಗಡಿ ಅಣ್ಣಂದಿರೇ, ಅಕ್ರಿಲಿಕ್ ಮಾರಿ, ಬೇಡ ಅಂದವರಾರು? ಅಕ್ರಿಲಿಕ್ ಅಂತ ಹೇಳಿ ಮಾರಿ. ಕೊಳ್ಳುವವರು ಚೀಟಿ ಓದಿ. ಚೀಟಿ ಇಲ್ಲದಿದ್ದರೆ ಒಂದೆಳೆ ಕಿತ್ತು ಬೆಂಕಿಕಡ್ಡಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಪುಡಿಯಾಗುತ್ತೆ. ಅಕ್ರಿಲಿಕ್ಕಾದರೆ ಕರಿಮಣಿಯಂಥ ಗಟ್ಟಿ ಉಂಡೆ ಉಳಿಯುತ್ತೆ.

ಹಾಸನ ಬರುವ ಮುಂಚೆ ಅಜ್ಜಿಗೆ ಇಷ್ಟನ್ನೂ ಹೇಳಿದೆ. "ಹಂಗಾದ್ರೆ ಹೊಗೆ ಹಾಕುವಾಗ ಬಿಚ್ಚಿಡ್ತೀವಿ ಬಿಡಪ್ಪಾ" ಎಂದವರೇ ಎರಡನೇ ಕಾಲುಚೀಲ ಶುರುಮಾಡಿದರು.