ಘಟ್ಟದ ರೈತ, ಧರ್ಮಸಭೆ ಮತ್ತು ಗ್ರಾಮಸಭೆ

ಪಶ್ಚಿಮ ಘಟ್ಟಗಳ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರವು 2024ರ ಜುಲೈ 31ರಂದು ಆರನೆಯ ಬಾರಿ ಹೊರಡಿಸಿತು. ಅದರ ಹಿಂದಿನ ದಿನ ನಸುಕಿನಲ್ಲಷ್ಟೇ ವಯನಾಡಿನ ಮುಂಡಕೈ, ಚೂರಲ್‌ಮಲ ಗ್ರಾಮಗಳು ಕುಸಿದ ಗುಡ್ಡದ ಅಡಿಯಲ್ಲಿ ಹೂತು, ಇನ್ನೂರಕ್ಕೂ ಅಧಿಕ ಮಂದಿ ಅಸುನೀಗಿದ್ದರು. ಅಧಿಸೂಚನೆಯು ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಒಳಗೊಂಡಿತ್ತು. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ಅದಕ್ಕೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಬೆಳ್ತಂಗಡಿ, ಮೂಡಿಗೆರೆ, ಸೋಮವಾರಪೇಟೆಗಳ ಕಡೆ ಅಡಿಕೆ, ಕಾಫಿ, ರಬ್ಬರು ನಂಬಿ ಬಾಳುವ ನಮ್ಮ ಕಥೋಲಿಕ ಕುಟುಂಬಗಳ ಪೈಕಿ ಅನೇಕರಿಗೆ ಅದರಿಂದ ನೆಮ್ಮದಿಯಾದುದು ಸಹಜ. ಆ ನೆಮ್ಮದಿಯನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಆದರೆ ಅದರ ಬೆನ್ನಿಗೇ ಕೇಳಬೇಕಾದ ಪ್ರಶ್ನೆಯೊಂದುಂಟು. ವರದಿ ಬೇಡವೆಂದಾದರೆ ಗುಡ್ಡವನ್ನೂ ತೊರೆಯನ್ನೂ ಕಾಯುವ ಹೊಣೆ ಯಾರದು?

ಓದುಗರಿಗೆ ಹಿನ್ನೆಲೆಯನ್ನು ನೆನಪಿಸುವುದು ಅಗತ್ಯ. ಪ್ರೊ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞರ ಸಮಿತಿಯು 2011ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ವರದಿ ಸಲ್ಲಿಸಿತು. ಸರ್ಕಾರ ಅದನ್ನು ತಿಂಗಳುಗಟ್ಟಲೆ ಮುಚ್ಚಿಟ್ಟಿತು. ಮಾಹಿತಿ ಆಯೋಗವೂ ದೆಹಲಿ ಉಚ್ಚ ನ್ಯಾಯಾಲಯವೂ ಹೇಳಿದ ಮೇಲೆ 2012ರ ಮೇ ತಿಂಗಳಲ್ಲಿ ಅದು ಬೆಳಕು ಕಂಡಿತು. ವರದಿಯು ಘಟ್ಟವನ್ನು ಮೂರು ವಲಯಗಳಾಗಿ ವಿಂಗಡಿಸಿತ್ತು. ದುರಂತ ನಡೆದ ವೈತಿರಿ ತಾಲ್ಲೂಕು ಅತಿ ಸೂಕ್ಷ್ಮವಾದ ಮೊದಲನೆಯ ವಲಯದಲ್ಲಿತ್ತು. (ವರದಿ ಜಾರಿಯಾಗಿದ್ದರೆ ಸಾವು ತಪ್ಪುತ್ತಿತ್ತೆಂದು ನಾವು ಹೇಳುತ್ತಿಲ್ಲ, ಅತಿವೃಷ್ಟಿಗೆ ವರದಿಯ ಹಂಗಿಲ್ಲ.) ಆದರೆ ಗದ್ದಲದಲ್ಲಿ ಮರೆಯಾದ ಮುಖ್ಯ ಸಂಗತಿ ಬೇರೆಯೇ ಇದೆ. ವಲಯದ ಗಡಿ ಎಲ್ಲಿ, ನಿರ್ಬಂಧ ಯಾವುದು ಎಂಬುದನ್ನು ಗ್ರಾಮಸಭೆಗಳ ಮುಂದಿಟ್ಟು, ಅವುಗಳ ಅಭಿಪ್ರಾಯ ಪಡೆದು ಅಂತಿಮಗೊಳಿಸಬೇಕೆಂದು ಆ ಸಮಿತಿ ಸೂಚಿಸಿತ್ತು. ಆ ಕೆಲಸ ನಡೆಯಲೇ ಇಲ್ಲ. ಬದಲಾಗಿ ಇನ್ನೊಂದು ಸಮಿತಿ ಬಂತು. ಡಾ. ಕಸ್ತೂರಿರಂಗನ್ ಅವರ ನೇತೃತ್ವದ ಆ ಸಮಿತಿಯು 2013ರಲ್ಲಿ ಘಟ್ಟದ ಶೇಕಡಾ 37ರಷ್ಟು ಭಾಗವನ್ನು ಮಾತ್ರ ಸೂಕ್ಷ್ಮವೆಂದು ಗುರುತಿಸಿತು. ಪ್ರದೇಶ ಕಿರಿದಾಯಿತು, ಅದರೊಂದಿಗೆ ಹಳ್ಳಿಯವನ ಮಾತಿಗಿದ್ದ ಸ್ಥಾನವೂ ಕಿರಿದಾಯಿತೆಂದು ಗಾಡ್ಗೀಳರೇ ಆಕ್ಷೇಪಿಸಿದರು.

2013ರ ನವೆಂಬರಿನಲ್ಲಿ ಕೇಂದ್ರದ ಆದೇಶ ಹೊರಬಿದ್ದಾಗ ಕೇರಳದ ಬೆಟ್ಟಸಾಲುಗಳು ಹೊತ್ತಿ ಉರಿದವು. ತಾಮರಶ್ಶೇರಿಯಲ್ಲಿ ಅರಣ್ಯ ಕಚೇರಿಗೆ ಬೆಂಕಿ ಬಿತ್ತು. ಇಡುಕ್ಕಿಯಲ್ಲಿ ಚಳವಳಿಯ ಬೆನ್ನಿಗೆ ಧರ್ಮಪ್ರಾಂತವೇ ನಿಂತಿತು. ಇದನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವವರು ಇತಿಹಾಸವನ್ನು ಬಲ್ಲವರಲ್ಲ. ಎರಡನೆಯ ಮಹಾಯುದ್ಧದ ಕಾಲದ ಆಹಾರಾಭಾವದಲ್ಲಿ ಸರ್ಕಾರವೇ ಪ್ರೋತ್ಸಾಹಿಸಿ ಬಯಲುಸೀಮೆಯ ರೈತರನ್ನು ಆ ಬೆಟ್ಟಗಳಿಗೆ ಹತ್ತಿಸಿತ್ತು. 1961ರಲ್ಲಿ ಅದೇ ಸರ್ಕಾರ ಅಣೆಕಟ್ಟಿನ ಸಲುವಾಗಿ ಅಯ್ಯಪ್ಪನ್‌ಕೋವಿಲ್‌ನ ಕುಟುಂಬಗಳನ್ನು ಒಕ್ಕಲೆಬ್ಬಿಸಿ, ಮಳೆಗಾಲದಲ್ಲಿ ಅಮರಾವತಿಯ ಬಯಲಿನಲ್ಲಿ ಬಿಟ್ಟಿತು. ಅದನ್ನು ಪ್ರತಿಭಟಿಸಿ ಎ.ಕೆ. ಗೋಪಾಲನ್ ಉಪವಾಸ ಕುಳಿತರು. ಕಮ್ಯುನಿಸ್ಟರ ಕಡು ವಿರೋಧಿಯಾಗಿದ್ದ ಧರ್ಮಗುರು ವಡಕ್ಕನ್ ಕೂಡ ಆ ರೈತರ ಪರವಾಗಿ ನಿಂತರು. ತಂದೆಯ ಕಾಲದ ಆ ನೆನಪು ಇರುವಲ್ಲಿ, ಪಟ್ಟೆಯೂ ಕೈಗೆ ಬಾರದೆ ಇರುವಲ್ಲಿ, ಇಂಗ್ಲಿಷಿನಲ್ಲಿ ಬಂದ ಆದೇಶವೊಂದು ಒಕ್ಕಲೆಬ್ಬಿಸುವ ಪತ್ರದಂತೆಯೇ ಕಾಣುತ್ತದೆ.

ಆದರೂ ಭಯವನ್ನು ಅರ್ಥ ಮಾಡಿಕೊಳ್ಳುವುದು ಒಂದು, ಅದನ್ನು ಬೆಳೆಸುವುದು ಇನ್ನೊಂದು. ರೈತರನ್ನು ಹೊರಹಾಕಬೇಕೆಂದು ಗಾಡ್ಗೀಳ್ ವರದಿ ಎಲ್ಲಿಯೂ ಹೇಳಿರಲಿಲ್ಲ. ಅದನ್ನು ಓದಿ ಜನರಿಗೆ ತಿಳಿಯಹೇಳಲು ಬಲ್ಲವರು ಧರ್ಮಗುರುಗಳಲ್ಲಿಯೇ ಇದ್ದರು. ವರದಿಯ ಪರ ನಿಂತ ಇಡುಕ್ಕಿಯ ಲೋಕಸಭಾ ಸದಸ್ಯ ಪಿ.ಟಿ. ಥಾಮಸರು ಸ್ವತಃ ಕಥೋಲಿಕರು. ಅವರ ಅಣಕು ಶವಯಾತ್ರೆ ನಡೆಯಿತು, ಧರ್ಮಗುರುಗಳೂ ಅದರಲ್ಲಿ ಹೆಜ್ಜೆ ಹಾಕಿದರು. 2014ರಲ್ಲಿ ಪಕ್ಷ ಅವರಿಗೆ ಟಿಕೆಟ್ ಕೊಡಲಿಲ್ಲ. 2021ರ ಡಿಸೆಂಬರಿನಲ್ಲಿ ಅವರು ನಿಧನರಾದಾಗ, ಅವರದೇ ಇಚ್ಛೆಯಂತೆ ಧಾರ್ಮಿಕ ವಿಧಿಗಳಿಲ್ಲದೆ ಅವರ ದೇಹವನ್ನು ದಹಿಸಲಾಯಿತು. ಈ ಸಂಗತಿಯನ್ನು ನಮ್ಮ ಪತ್ರಿಕೆಗಳು ಬೇಗ ಮರೆತದ್ದು ನಮಗೆ ಖೇದಕರವೆನಿಸಿದೆ. ಇನ್ನೊಂದು ಮಾತು: ಆ ಚಳವಳಿಯಲ್ಲಿ ಎರಡು ಎಕರೆಯ ರೈತನ ಬೆನ್ನ ಹಿಂದೆ ಕಲ್ಲುಕೋರೆಯವನೂ ಸುರಕ್ಷಿತವಾಗಿ ನಿಂತಿದ್ದ.

ಇದಕ್ಕೆ ವಿರುದ್ಧವಾದ ಚಿತ್ರವೊಂದು ಫಿಲಿಪ್ಪೀನ್ಸ್‌ನಲ್ಲಿ ಸಿಗುತ್ತದೆ. ಮಿಂದನಾವೊ ದ್ವೀಪದ ಬುಕಿಡ್‌ನಾನ್ ಪ್ರಾಂತದ ಸಾನ್ ಫೆರ್ನಾಂಡೊದಲ್ಲಿ, ಕಾಡು ಬೋಳಾದಂತೆ ಹೊಳೆ ಬತ್ತಿ ಗದ್ದೆ ಒಣಗಿದುದನ್ನು ಕಂಡ ಬಡ ರೈತರು 1987ರಲ್ಲಿ ಮರ ಸಾಗಿಸುವ ಲಾರಿಗಳಿಗೆ ಅಡ್ಡ ನಿಂತರು. ಅವರ ಧರ್ಮಕೇಂದ್ರ ಅವರೊಂದಿಗೆ ನಿಂತಿತು. ಮರುವರ್ಷ ಆ ದೇಶದ ಧರ್ಮಾಧ್ಯಕ್ಷರು ಪರಿಸರದ ಕುರಿತು ಪಾಲನಾ ಪತ್ರವನ್ನೇ ಹೊರಡಿಸಿದರು. ಮುಂದೆ ಆ ಧರ್ಮಪ್ರಾಂತದ ಕೆಲವು ಗುರುಗಳು ಅರಣ್ಯ ರಕ್ಷಣೆಯ ಅಧಿಕಾರವನ್ನೂ ವಹಿಸಿಕೊಂಡರು. ಅವರಲ್ಲೊಬ್ಬರಾದ ತರುಣ ಗುರು ನೆರಿ ಸತೂರ್ 1991ರ ಅಕ್ಟೋಬರಿನಲ್ಲಿ ಹತ್ಯೆಗೀಡಾದರು.

ಎರಡೂ ಕಡೆ ಧರ್ಮಸಭೆ ಜನರ ಪಕ್ಷವನ್ನೇ ಹಿಡಿದಿತ್ತು. ಅಂದ ಮೇಲೆ ವ್ಯತ್ಯಾಸವೆಲ್ಲಿ? ಸಾನ್ ಫೆರ್ನಾಂಡೊದಲ್ಲಿ ಕಾಡು ಉಳಿಯಬೇಕೆಂಬ ನಿರ್ಧಾರ, ಅದೇ ಕಾಡಿನ ನೀರು ಕುಡಿಯುವವರ ಬಾಯಿಂದ ಬಂದಿತ್ತು. ಇಡುಕ್ಕಿಯಲ್ಲಿ ಅದು ಮೇಲಿನಿಂದ ಇಳಿದು ಬಂತು. 1931ರ ತಮ್ಮ ವಿಶ್ವಪತ್ರದಲ್ಲಿ ಹನ್ನೊಂದನೆಯ ಪಿಯೂಸ್ ಜಗದ್ಗುರುಗಳು ಸಹಾಯಕತ್ವದ ತತ್ತ್ವವನ್ನು ವಿಶದಪಡಿಸಿದ್ದರು. ಚಿಕ್ಕ ಸಮುದಾಯವು ತಾನೇ ಮಾಡಬಲ್ಲ ಕಾರ್ಯವನ್ನು ದೊಡ್ಡ ಅಧಿಕಾರವು ಕಿತ್ತುಕೊಳ್ಳುವುದು ಅನ್ಯಾಯ. ದೊಡ್ಡದಕ್ಕಿರುವುದು ನೆರವಾಗುವ ಕರ್ತವ್ಯ. ಗಾಡ್ಗೀಳರು ಗ್ರಾಮಸಭೆಯ ಬಗ್ಗೆ ಹೇಳಿದ್ದು ಇದನ್ನೇ ಅಲ್ಲವೇ? ದಿವಂಗತ ಫ್ರಾನ್ಸಿಸ್ ಜಗದ್ಗುರುಗಳು 2015ರ ‘ಲೌದಾತೊ ಸಿ’ಯಲ್ಲಿ, ಪರಿಸರದ ಚರ್ಚೆಯಲ್ಲಿ ಸ್ಥಳೀಯ ಜನರಿಗೆ ವಿಶೇಷ ಸ್ಥಾನವಿರಬೇಕೆಂದು ಬೋಧಿಸಿದರು. ನಮ್ಮದೇ ಬೋಧನೆಯು ವಿಜ್ಞಾನಿಯೊಬ್ಬರ ವರದಿಯಲ್ಲಿ ಎದುರಾದಾಗ ಅದರ ಗುರುತು ಸಿಗಲಿಲ್ಲವೆಂಬುದು ವಿಪರ್ಯಾಸ.

‘ನನ್ನ ಪಟ್ಟಾ ಜಾಗ, ನನ್ನ ಇಷ್ಟ’ ಎನ್ನುವವರೂ ನಮ್ಮಲ್ಲಿದ್ದಾರೆ. ಸಂತ ತೋಮಾಸ್ ಅಕ್ವಿನಾಸರು ಖಾಸಗಿ ಒಡೆತನವನ್ನು ಒಪ್ಪಿದರು; ಉಪಯೋಗದ ವಿಷಯದಲ್ಲಿ ಮಾತ್ರ ವಸ್ತುಗಳು ಎಲ್ಲರವೆಂಬ ಭಾವದಿಂದ ನಡೆಯಬೇಕೆಂದು ಸೇರಿಸಿದರು. ಗುಡ್ಡದ ನೆತ್ತಿಯನ್ನು ಯಂತ್ರದಿಂದ ಕಡಿದು ಸಮತಟ್ಟು ಮಾಡಿದವನ ಮಣ್ಣು ಮಳೆಗಾಲದಲ್ಲಿ ಅವನ ಬೇಲಿಯೊಳಗೇ ನಿಲ್ಲುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಮುತ್ತ ನಾವಿದನ್ನು ಕಂಡೆವು. ಆದಿಕಾಂಡದ ಎರಡನೆಯ ಅಧ್ಯಾಯವು ಮಾನವನಿಗೆ ತೋಟದಲ್ಲಿ ಕೃಷಿಯನ್ನೂ ಕಾವಲನ್ನೂ ಒಟ್ಟಿಗೇ ಒಪ್ಪಿಸುತ್ತದೆ. ಮೊದಲನೆಯದರಲ್ಲಿ ನಮ್ಮ ಜನ ಯಾರಿಗೂ ಕಡಿಮೆಯಿಲ್ಲ.

ಮಾಡಬಹುದಾದ ಕೆಲಸ ಕೈಗೆಟುಕುವಷ್ಟು ಹತ್ತಿರವಿದೆ. 2002ರ ಜೈವಿಕ ವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಮರ, ಬಳ್ಳಿ, ಮೀನು, ನೀರಿನ ಸೆಲೆಗಳ ಮಾಹಿತಿಯನ್ನು ಅದು ಜನತಾ ದಾಖಲೆಯಲ್ಲಿ ಬರೆದಿಡಬೇಕು. ಅನೇಕ ಕಡೆ ಇದು ಕಾಗದದಲ್ಲಷ್ಟೇ ಇದೆ. ನಮ್ಮ ಧರ್ಮಕೇಂದ್ರಗಳಲ್ಲಿ ವಾರ್ಡಿಗೊಬ್ಬ ಗುರಿಕಾರರಿದ್ದಾರೆ, ಕಿರು ಸಮುದಾಯಗಳ ಕೂಟಗಳಿವೆ. ಕರಡು ಅಧಿಸೂಚನೆಯನ್ನು ಕನ್ನಡದಲ್ಲಿ ಓದಿ ಚರ್ಚಿಸಲು ಅವುಗಳ ಒಂದು ಸಂಜೆ ಸಾಕು. ಆ ಬಳಿಕ ನೆರೆಯ ಹಿಂದೂ, ಮುಸಲ್ಮಾನ, ಮಲೆಕುಡಿಯ ಕುಟುಂಬಗಳೊಡನೆ ಗ್ರಾಮಸಭೆಗೆ ಹೋಗಿ ಯಾವ ಸೆಲೆಯ ಮೇಲೆ ಅಗೆತ ಕೂಡದು, ಯಾವ ಇಳಿಜಾರಿನಲ್ಲಿ ಕೋರೆ ಕೂಡದು, ಯಾವ ರೈತನ ಯಾವ ಹಕ್ಕು ಉಳಿಯಬೇಕು ಎಂಬ ನಿರ್ಣಯವನ್ನು ಸರ್ವೆ ನಂಬರು ಸಹಿತ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಗ್ರಾಮಸಭೆಯ ದಿನ ನಮ್ಮವರ ಕುರ್ಚಿಗಳು ಖಾಲಿಯಿರುವುದನ್ನು ಪಂಚಾಯಿತಿ ಸದಸ್ಯರು ಹಲವು ಬಾರಿ ನಮ್ಮ ಗಮನಕ್ಕೆ ತಂದಿದ್ದಾರೆ. ಮುಂದಿನ ಸಭೆಯ ದಿನಾಂಕವನ್ನು ಬಲಿಪೂಜೆಯ ಕೊನೆಯ ಪ್ರಕಟಣೆಗಳಲ್ಲಿ ಓದಿ ಹೇಳಲು ಯಾವ ಅಡ್ಡಿಯೂ ಇಲ್ಲ.