ತಡೆದು ಕೇಳುವವರು

ಉಡುಪಿಯ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪನವರು ತಾವು ಬರೆದದ್ದನ್ನು ತಮ್ಮದೆಂದು ಹೇಳಿಕೊಳ್ಳಲಿಲ್ಲ. ಯಾವುದೋ ಹಳೆಯ ಕವಿಯ ಕೃತಿ ಕೈಗೆ ಸಿಕ್ಕಿದೆ ಎಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳಿಸುತ್ತಿದ್ದರು. ಒಂದಕ್ಕೆ ಮಹಾಲಕ್ಷ್ಮಿ ಎಂಬ ಹೆಂಗಸಿನ ಹೆಸರು, ಇನ್ನೊಂದಕ್ಕೆ ಮುದ್ದಣ. 1895ರಲ್ಲಿ ‘ಅದ್ಭುತ ರಾಮಾಯಣ’ವು ‘ಕಾವ್ಯಮಂಜರಿ’ಯಲ್ಲಿ ಅಚ್ಚಾಯಿತು. 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ 31 ವರ್ಷ. ಇವೆಲ್ಲ ಅವರವೇ ಎಂದು ನಾಡಿಗೆ ತಿಳಿದದ್ದು ಆಮೇಲೆ.

ಅವರ ‘ಶ್ರೀರಾಮಾಶ್ವಮೇಧಂ’ ತೆರೆದವರಿಗೆ ಮೊದಲು ಎದುರಾಗುವವಳು ಮನೋರಮೆ. ಗಂಡ ಕಥೆ ಹೇಳಲು ಕೂತರೆ ಇವಳು ತಲೆದೂಗಿಕೊಂಡು ಕೇಳುವವಳಲ್ಲ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ. ಸಂಸ್ಕೃತ ಜಾಸ್ತಿಯಾದರೆ ತಿಳಿಯಲಿಲ್ಲ ಎನ್ನುತ್ತಾಳೆ. ನಡುವೆ ಕೊಂಕು ತೆಗೆಯುತ್ತಾಳೆ, ಕೀಟಲೆ ಮಾಡುತ್ತಾಳೆ, ಮತ್ತೆ ಮುಂದೇನಾಯಿತು ಎಂದು ಪೀಡಿಸುತ್ತಾಳೆ. ಈ ಸಲ್ಲಾಪವನ್ನು ಸರಸವೆಂದು ಮೆಚ್ಚಿದವರು ಬಹಳ. ನನಗೆ ಅದರಲ್ಲಿ ಬೇರೊಂದು ಕಾಣುತ್ತದೆ. ಬರೆದದ್ದನ್ನು ತನ್ನ ಹೆಸರಿನಲ್ಲಿ ಮುಂದಿಟ್ಟು ‘ಹೇಗಿದೆ ಹೇಳಿ’ ಎಂದು ಕೇಳಲಾಗದ ಒಬ್ಬ ಲೇಖಕ, ತಡೆದು ಕೇಳುವವಳೊಬ್ಬಳನ್ನು ಪುಸ್ತಕದೊಳಗೇ ಕೂರಿಸಿಕೊಂಡ. ಅವಳು ತಡೆದಲ್ಲೆಲ್ಲ ಆತನ ಗದ್ಯ ತಿಳಿಯಾಗಿದೆ.

ಈ ವಿಶೇಷಾಂಕ ಹೊಸಬರ ಕಥೆಗಳಿಗೆ ಮೀಸಲು. ಕನ್ನಡದಲ್ಲಿ ಬರೆಯುವುದನ್ನು ಜನ ಹೇಗೆ ಕಲಿತರು, ಕೈಬರಹದ ಕಟ್ಟು ಪುಸ್ತಕವಾಗುವ ದಾರಿ ಹೇಗಿತ್ತು, ಈಗ ಹೇಗಿದೆ ಎಂದು ಒಮ್ಮೆ ಹಿಂದಿರುಗಿ ನೋಡಲು ಇದು ತಕ್ಕ ಹೊತ್ತು. ನೋಡಿದಷ್ಟೂ ನನ್ನ ಮನಸ್ಸು ಮನೋರಮೆಯ ಹತ್ತಿರವೇ ನಿಲ್ಲುತ್ತದೆ. ನಮ್ಮ ದೊಡ್ಡ ಬರಹಗಾರರ ಹಿಂದೆ ಬರೆಯುವುದನ್ನು ಕಲಿಸುವ ಪಠ್ಯಕ್ರಮ ಇರಲಿಲ್ಲ, ಅದಕ್ಕೊಂದು ಪದವಿ ಇರಲಿಲ್ಲ. ತಡೆದು ಕೇಳುವ ಒಬ್ಬರು ಇದ್ದರು. ಅಚ್ಚಿನ ಸೌಕರ್ಯ ಹೆಚ್ಚುತ್ತ ಬಂದ ಈ ಕಾಲದಲ್ಲಿ ನಾವು ಕಳೆದುಕೊಳ್ಳುತ್ತಿರುವುದು ಅವರನ್ನು.

ಆರಂಭದ ದಿನಗಳಲ್ಲಿ ಅಚ್ಚು ಹಾಕಿಸುವುದೇ ಒಂದು ಸಾಹಸ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸುಶೀಲೆ’ ತಂದರು. ‘ಸತಿಹಿತೈಷಿಣಿ’ ಗ್ರಂಥಮಾಲೆ ಕಟ್ಟಿದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಹೆಂಗಸರ ಬರಹಕ್ಕೆ ಬಾಗಿಲೇ ಇಲ್ಲದ ಕಾಲದಲ್ಲಿ ಲೇಖಕಿಯೇ ಪ್ರಕಾಶಕಿಯೂ ಸಂಪಾದಕಿಯೂ ಆದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಇಟ್ಟುಕೊಂಡರು. ಕೊಡಗಿನ ಗೌರಮ್ಮನವರಿಗೆ ಅಷ್ಟು ಆಯುಷ್ಯವೇ ಸಿಗಲಿಲ್ಲ. 1939ರಲ್ಲಿ, ಇಪ್ಪತ್ತೇಳರ ಆಸುಪಾಸಿನಲ್ಲಿ, ನೀರಿನ ಪಾಲಾದರು. ‘ಕಂಬನಿ’ ಪುಸ್ತಕವಾಗಿ ಬಂದದ್ದನ್ನು ಅವರು ನೋಡಲಿಲ್ಲ.

ಮೈಸೂರಿನ ಕಥೆಯಲ್ಲಿ ತಡೆದವರು ಮೇಷ್ಟರುಗಳು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಪುಟ್ಟಪ್ಪ ಎಂಬ ವಿದ್ಯಾರ್ಥಿ ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದರು. ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂಬ ಮಾತು ಬಂತು. ಆ ಪ್ರಸಂಗ ಎಲ್ಲರಿಗೂ ಗೊತ್ತು. ಅಷ್ಟಾಗಿ ನೆನಪಿಸಿಕೊಳ್ಳದಿರುವುದು ಆಮೇಲಿನದನ್ನು. ಅವರ ‘ಶ್ರೀರಾಮಾಯಣ ದರ್ಶನಂ’ ಅರ್ಪಣೆಯಾಗಿರುವುದು ಟಿ.ಎಸ್. ವೆಂಕಣ್ಣಯ್ಯನವರಿಗೆ, ಅದೂ ಆ ಗುರುಗಳು ಗತಿಸಿ ಹತ್ತು ವರ್ಷವಾದ ಮೇಲೆ. ಕವಿ ತಮ್ಮ ಮಹಾಕಾವ್ಯವನ್ನು ಹೊತ್ತುಕೊಂಡು ಮೊದಲು ಯಾರ ಮುಂದೆ ನಿಂತರು ಎಂಬುದಕ್ಕೆ ಆ ಪುಟ ಸಾಕ್ಷಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ‘ಪ್ರಬುದ್ಧ ಕರ್ಣಾಟಕ’ ಶುರು ಮಾಡಿದ ಎ.ಆರ್. ಕೃಷ್ಣಶಾಸ್ತ್ರಿಗಳು, ವಿದ್ಯಾರ್ಥಿಗಳ ಬರಹವನ್ನು ಮುತುವರ್ಜಿಯಿಂದ ಅಚ್ಚಿಗೆ ತಂದ ಜಿ.ಪಿ. ರಾಜರತ್ನಂ, 1944ರಿಂದ ಎರಡು ದಶಕ ‘ಜೀವನ’ದ ಸಂಪಾದಕರಾಗಿದ್ದ ಮಾಸ್ತಿ, ಇವರೆಲ್ಲ ಸ್ವತಃ ದೊಡ್ಡ ಲೇಖಕರು. ತಮ್ಮ ಬರವಣಿಗೆಯ ಹೊತ್ತನ್ನು ಇನ್ನೊಬ್ಬರ ಕರಡಿಗೆ ಕೊಟ್ಟವರು.

ಧಾರವಾಡದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೇಂದ್ರೆಯವರ ಸುತ್ತ ಕಟ್ಟಿಕೊಂಡ ಗೆಳೆಯರ ಗುಂಪಿನಲ್ಲಿ ಕವಿತೆ ಮೊದಲು ಕಿವಿಗೆ ಬೀಳುತ್ತಿತ್ತು, ಆಮೇಲೆ ಅಚ್ಚಿಗೆ ಹೋಗುತ್ತಿತ್ತು. ಅದೇ ಊರಿನಲ್ಲಿ 1933ರಲ್ಲಿ ಮನೋಹರ ಗ್ರಂಥಮಾಲೆ ಹುಟ್ಟಿತು. ಜಡಭರತ ಎಂಬ ಹೆಸರಿನಲ್ಲಿ ನಾಟಕ ಬರೆದ ಜಿ.ಬಿ. ಜೋಶಿ ಅದರ ಜೀವ. ವರ್ಷದ ಚಂದಾ ಕಟ್ಟಿದ ಓದುಗರಿಗೆ ಪುಸ್ತಕ ಕಳಿಸುವ ಪದ್ಧತಿ ಅವರದು. ಪುಸ್ತಕ ಬರುವ ಮೊದಲೇ ಓದುಗ ಗೊತ್ತಿರುತ್ತಿದ್ದ, ಹಾಗಾಗಿ ಹೊಸ ಲೇಖಕನ ಮೇಲೆ ಹಣ ಹೂಡಲು ಧೈರ್ಯವಿತ್ತು. ಆದರೆ ಗ್ರಂಥಮಾಲೆಯನ್ನು ದೊಡ್ಡದು ಮಾಡಿದ್ದು ಚಂದಾ ಪದ್ಧತಿಯೊಂದೇ ಅಲ್ಲ, ಅದರ ಅಟ್ಟ. ಅಲ್ಲಿ ಕೂತು ಹಸ್ತಪ್ರತಿ ಓದುತ್ತಿದ್ದವರು ಕೀರ್ತಿನಾಥ ಕುರ್ತಕೋಟಿ.

ಗಿರೀಶ ಕಾರ್ನಾಡರು ‘ಯಯಾತಿ’ ಬರೆದದ್ದು ಆಕ್ಸ್‌ಫರ್ಡ್‌ಗೆ ಹೊರಡುವ ಹೊತ್ತಿನಲ್ಲಿ. ಆ ಯುವಕನಿಗೆ ಇಂಗ್ಲಿಷ್ ಕವಿಯಾಗಿ ವಿದೇಶದಲ್ಲಿ ಹೆಸರು ಮಾಡುವ ಆಸೆಯಿತ್ತು. ನಾಟಕವನ್ನು ಗ್ರಂಥಮಾಲೆ ಒಪ್ಪಿಕೊಂಡಿದೆ ಎಂಬ ಸುದ್ದಿ ಅಲ್ಲಿಗೆ ಹೋಗಿ ಮುಟ್ಟಿತು, 1961ರಲ್ಲಿ ಪುಸ್ತಕ ಬಂತು. ತಾವು ಊರಿಗೆ ಮರಳಿ ಕನ್ನಡದಲ್ಲೇ ಬರೆಯಲು ನಿರ್ಧರಿಸಿದ್ದಕ್ಕೆ ಆ ಸುದ್ದಿಯೂ ಕಾರಣವೆಂದು ಕಾರ್ನಾಡರು ಹೇಳಿಕೊಂಡಿದ್ದಾರೆ. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕಗಳಿಲ್ಲ ಎಂದು ಕುರ್ತಕೋಟಿ ಪೇಚಾಡಿದ್ದು ಕಿವಿಗೆ ಬಿತ್ತು, ಕಾರ್ನಾಡರು ಇತಿಹಾಸದ ಪುಸ್ತಕಗಳನ್ನು ಕೈಗೆತ್ತಿಕೊಂಡರು, 1964ರಲ್ಲಿ ‘ತುಘಲಕ್’. ಒಂದು ಅಟ್ಟದ ಒಪ್ಪಿಗೆ ಒಬ್ಬ ನಾಟಕಕಾರನನ್ನು ಕನ್ನಡಕ್ಕೆ ಉಳಿಸಿಕೊಟ್ಟಿತು, ಒಬ್ಬ ವಿಮರ್ಶಕನ ಕೊರಗು ಆತನ ಕೈಗೆ ವಸ್ತು ಕೊಟ್ಟಿತು. ಮುಂದಿನ ವರ್ಷ ಅನಂತಮೂರ್ತಿಯವರ ‘ಸಂಸ್ಕಾರ’ವನ್ನೂ ಇದೇ ಗ್ರಂಥಮಾಲೆ ತಂದಿತು, ಅದು ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು ಬರೆದದ್ದು. ಗ್ರಂಥಮಾಲೆ ಇಪ್ಪತ್ತೈದು ತುಂಬಿದ ನೆಪದಲ್ಲಿ ‘ನಡೆದು ಬಂದ ದಾರಿ’ ಎಂಬ ಮೂರು ಸಂಪುಟಗಳನ್ನು ಮಾಡಿ, ಇಡೀ ಹೊಸಗನ್ನಡ ಸಾಹಿತ್ಯದ ಲೆಕ್ಕವನ್ನೇ ಮುಂದಿಟ್ಟಿತು. ತನ್ನ ಹುಟ್ಟುಹಬ್ಬಕ್ಕೆ ಇಷ್ಟು ಗಂಭೀರವಾದ ಆಚರಣೆ ಇಟ್ಟುಕೊಂಡ ಪ್ರಕಾಶನ ಇನ್ನೊಂದು ನನಗೆ ನೆನಪಾಗುವುದಿಲ್ಲ.

ಅರವತ್ತರ ದಶಕದಲ್ಲಿ ಅಡಿಗರ ‘ಸಾಕ್ಷಿ’ ಪತ್ರಿಕೆಯೂ ಅದನ್ನು ಹೊರತಂದ ಹೆಗ್ಗೋಡಿನ ಅಕ್ಷರ ಪ್ರಕಾಶನವೂ ನವ್ಯರಿಗೆ ಅಂಥದೇ ಜಾಗವಾದವು.

ಈ ಗಂಡಸರ ಕೂಟಗಳ ಹೊರಗೆ ಇನ್ನೊಂದು ಶಾಲೆ ನಡೆಯುತ್ತಿತ್ತು, ವಾರಪತ್ರಿಕೆ ಮತ್ತು ಓದುಗರ ಕಾಗದದ ಶಾಲೆ. 1953ರಲ್ಲಿ ‘ಅಪಸ್ವರ’ದಿಂದ ಶುರು ಮಾಡಿದ ತ್ರಿವೇಣಿ ಹತ್ತೇ ವರ್ಷದಲ್ಲಿ ಕನ್ನಡ ಓದುಗರ ಮನೆಮಾತಾಗಿ ಹೋಗಿಬಿಟ್ಟರು. ಅವರು ತೀರಿಕೊಂಡ 1963ರಲ್ಲೇ ಎಂ.ಕೆ. ಇಂದಿರಾ ‘ತುಂಗಭದ್ರಾ’ ಪ್ರಕಟಿಸಿದರು. ಆಗ ಅವರು ನಲವತ್ತೈದು ದಾಟಿದ ಗೃಹಿಣಿ. ಶಾಲೆ ಕಲಿತದ್ದು ಕೆಲವೇ ವರ್ಷ. ಮಂಡ್ಯದಲ್ಲಿದ್ದಾಗ ತ್ರಿವೇಣಿಯವರ ಸ್ನೇಹ ಬರವಣಿಗೆಗೆ ಧೈರ್ಯ ಕೊಟ್ಟಿತು. ಒಬ್ಬ ಲೇಖಕಿ ಇನ್ನೊಬ್ಬರಿಗೆ ‘ಬರೀರಿ’ ಎಂದದ್ದರ ಮುಂದುವರಿಕೆಯಾಗಿಯೇ ಹದಿಮೂರು ವರ್ಷಗಳ ಮೇಲೆ ನಮಗೆ ‘ಫಣಿಯಮ್ಮ’ ಸಿಕ್ಕಿತು. ಇದನ್ನು ಜನಪ್ರಿಯ ಸಾಹಿತ್ಯವೆಂದು ಬದಿಗಿಟ್ಟ ವಿಮರ್ಶೆಯಿಂದ ನಮಗೆ ನಷ್ಟವೇ ಆಗಿದೆ.

1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ವರದಿಗಾರರನ್ನೂ ಕಥೆಗಾರರನ್ನೂ ಒಂದೇ ಪಡಸಾಲೆಯಲ್ಲಿ ಕೂರಿಸಿತು. ಹಾಸನದಿಂದ ಅದಕ್ಕೆ ವರದಿ ಬರೆದವರಲ್ಲಿ ಬಾನು ಮುಷ್ತಾಕ್ ಒಬ್ಬರು. ಬಂಡಾಯದ ವೇದಿಕೆ, ಪತ್ರಿಕೆಯ ವರದಿ, ಆಮೇಲೆ ವಕೀಲಿಕೆ. ಈ ಮೂರೂ ಕಡೆ ಹೆಣ್ಣುಮಕ್ಕಳ ಮಾತು ಕೇಳಿಸಿಕೊಂಡ ಕಿವಿ ಅವರದು. 2025ರ ಮೇ ತಿಂಗಳಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ನಾಡೆಲ್ಲ ಸಂಭ್ರಮಿಸಿತು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಸಂಭ್ರಮದಲ್ಲಿ ಒಂದು ಸಂಗತಿ ತುಸು ಮರೆಯಾಯಿತು. ಮೂರು ದಶಕಗಳಿಗೂ ಮಿಕ್ಕಿ ಬರೆದ ಕಥೆಗಳ ರಾಶಿಯಿಂದ 12ನ್ನು ಆರಿಸಿದವರು ಅನುವಾದಕಿ, ಮಡಿಕೇರಿಯ ದೀಪಾ ಭಾಸ್ತಿ. ಯಾವುದು ಒಳಗೆ, ಯಾವುದು ಹೊರಗೆ ಎಂದು ತೀರ್ಮಾನಿಸುವುದು ಸಂಪಾದಕರ ಕೆಲಸ. ಬಹುಮಾನದ ಮೊತ್ತ ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚಿಕೆಯಾಗುತ್ತದೆ ಎಂಬುದು ನನಗೆ ಬಹಳ ಹಿಡಿಸಿದ ನಿಯಮ.

ಇನ್ನು ಈಗಿನ ಮಾತು. ಮೊಳೆ ಜೋಡಿಸುವ ಕಾಲದಲ್ಲಿ ಒಂದು ಪುಟ ಅಚ್ಚಾಗಬೇಕಾದರೆ ಹಲವು ಕೈ ದಾಟಬೇಕಿತ್ತು. ಕರಡಚ್ಚು ತಿದ್ದುವವರು ಕಾಗುಣಿತ ಮಾತ್ರ ನೋಡುತ್ತಿರಲಿಲ್ಲ, ‘ಸ್ವಾಮಿ, ಈ ಪಾತ್ರ ಹಿಂದಿನ ಅಧ್ಯಾಯದಲ್ಲೇ ಸತ್ತಿದೆಯಲ್ಲ’ ಎಂದೂ ಹೇಳುತ್ತಿದ್ದರು. ಸಾವಿರ ಪ್ರತಿ ಅಚ್ಚು ಹಾಕಿಸುವುದು ರೂಢಿಯಾಗಿದ್ದರಿಂದ ಪ್ರಕಾಶಕನೂ ಹತ್ತು ಸಲ ಯೋಚಿಸುತ್ತಿದ್ದ. ಈಗ ‘ನುಡಿ’ಯಲ್ಲೋ ಯೂನಿಕೋಡ್‌ನಲ್ಲೋ ಲೇಖಕರೇ ಟೈಪ್ ಮಾಡಿ ಕಳಿಸುತ್ತಾರೆ, ಪುಟವಿನ್ಯಾಸ ಮಾಡಿಸಿ ನೂರೋ ಇನ್ನೂರೋ ಪ್ರತಿ ತರಬಹುದು. ಇದು ಒಳ್ಳೆಯದೇ. ತಿರುಮಲಾಂಬ ಅವರಿಗೆ ಈ ಅನುಕೂಲ ಇದ್ದಿದ್ದರೆ ಎಂದು ನೆನೆದರೆ ಸಾಕು, ಇದರ ಬೆಲೆ ಗೊತ್ತಾಗುತ್ತದೆ. ಗ್ರಂಥಾಲಯಗಳ ಸಗಟು ಖರೀದಿ ಎಷ್ಟೋ ಸಣ್ಣ ಪ್ರಕಾಶಕರನ್ನು ಉಳಿಸಿದೆ. 1993ರಲ್ಲಿ ಆರಂಭವಾದ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ಕೊಡುತ್ತದೆ. ಆದರೆ ಈ ಎಲ್ಲ ಏರ್ಪಾಡಿನಲ್ಲಿ ಕಾಗದಕ್ಕೆ ದುಡ್ಡಿದೆ, ಅಚ್ಚಿಗೆ ದುಡ್ಡಿದೆ, ಬಿಡುಗಡೆ ಸಮಾರಂಭಕ್ಕೂ ಎಲ್ಲಿಂದಲೋ ಬರುತ್ತದೆ. ಕೂತು ಓದಿ ಪ್ರಶ್ನೆ ಕೇಳುವವರಿಗೆ ಮಾತ್ರ ಬಿಡಿಗಾಸಿಲ್ಲ. ಪುಸ್ತಕದಲ್ಲಿ ಅವರ ಹೆಸರೂ ಇರುವುದಿಲ್ಲ.

ಆ ಪ್ರಶ್ನೆ ಎಂಥದು ಎಂದು ಈ ಸಂಚಿಕೆಯ ಒಂದು ಕಥೆಯಿಂದಲೇ ತೋರಿಸುತ್ತೇನೆ. ಕಥೆಗಾರ ಹಾವೇರಿ ಕಡೆಯ ಯುವಕ. ಅಪ್ಪ ಮಗನನ್ನು ಕರೆದುಕೊಂಡು ಸಂತೆಗೆ ಹೋಗಿ ಎತ್ತು ಮಾರುತ್ತಾನೆ. ಮೊದಲ ಪ್ರತಿಯಲ್ಲಿ ಕೊನೆಯ ಪುಟದ ತುಂಬ ದುಃಖವಿತ್ತು: ಅಪ್ಪನ ಕಣ್ಣು, ಆಕಾಶದ ಮೋಡ, ಬರಿಗೈಯಲ್ಲಿ ನಡೆದು ಬಂದ ದಾರಿ. ವಾಕ್ಯಗಳು ಚೆನ್ನಾಗಿದ್ದವು, ಆದರೆ ಯಾವ ಅಪ್ಪನಿಗಾದರೂ ಹೊಂದುವಂತಿದ್ದವು. ನಾನು ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದೆ: ಎತ್ತಿಗೆ ಕಟ್ಟಿದ್ದ ಹಗ್ಗ ಏನಾಯಿತು? ಫೋನ್ ಬಂತು. ‘ಸರ್, ನಮ್ಮ ಕಡೆ ಎತ್ತು ಮಾರಿದ್ರ ಹಗ್ಗ ಕೊಡಂಗಿಲ್ರಿ. ಕೊಂಡವ್ರು ತಮ್ಮ ಹಗ್ಗ ತರಬೇಕ್ರಿ. ಹಳೇ ಹಗ್ಗ ಅಪ್ಪ ಮನೀಗೆ ತಂದಾನ್ರಿ.’ ಹಾಗಾದರೆ ಆತ ಬರಿಗೈಯಲ್ಲಿ ಬರಲಿಲ್ಲವಲ್ಲ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಎರಡು ವಾರದ ಮೇಲೆ ಬಂದ ಪ್ರತಿಯಲ್ಲಿ ಮೋಡ ಹೋಗಿತ್ತು. ಅಪ್ಪ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಾನೆ, ಕಂಡಕ್ಟರು ಲಗೇಜಿನ ಮಾತು ತೆಗೆಯುತ್ತಾನೆ, ಮನೆಗೆ ಬಂದರೆ ಅದನ್ನು ಎಲ್ಲಿ ನೇತುಹಾಕಬೇಕು ಎಂದು ಅವ್ವನಿಗೂ ಅಪ್ಪನಿಗೂ ಮಾತು ಬೆಳೆಯುತ್ತದೆ. ಕಥೆಗಾರನಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಇದೇ ಕಥೆ ಎಂದು ಗೊತ್ತಿರಲಿಲ್ಲ. ಕಂಡಕ್ಟರನನ್ನು ತಂದಿಟ್ಟದ್ದು ಸಂಪೂರ್ಣ ಅವನದೇ ಪ್ರತಿಭೆ.

ಕಮ್ಮಟಗಳು ಈ ಕೆಲಸವನ್ನು ಒಂದಷ್ಟು ಮಾಡುತ್ತಿವೆ, ಹೊಸಬರು ಪರಸ್ಪರ ಓದಿಕೊಳ್ಳುವ ಅಭ್ಯಾಸ ಅಲ್ಲಿ ಹತ್ತುತ್ತದೆ. ಆದರೆ ಎರಡು ದಿನದಲ್ಲಿ ಬರೆಯುವ ಹುಮ್ಮಸ್ಸು ಹುಟ್ಟೀತು, ಒಂದು ಹಸ್ತಪ್ರತಿ ಮೂರನೇ ಸಲ ತಿದ್ದಿಸಿಕೊಳ್ಳಲು ತಿಂಗಳುಗಳು ಬೇಕು. ಪತ್ರಿಕೆಗಳ ದೀಪಾವಳಿ, ಯುಗಾದಿ ಕಥಾಸ್ಪರ್ಧೆಗಳು ಹೆಸರು ಕೊಡುತ್ತವೆ. ಗೆಲ್ಲದವರಿಗೆ ಏಕೆ ಗೆಲ್ಲಲಿಲ್ಲವೆಂದು ಹೇಳುವವರಿಲ್ಲ. ವಸುಧೇಂದ್ರರ ಛಂದ ಪುಸ್ತಕ ಮಾಡಿದ್ದು ನನಗೆ ಮುಖ್ಯವೆನಿಸುತ್ತದೆ. ಇನ್ನೂ ಸಂಕಲನ ತರದ ಕಥೆಗಾರರಿಂದ ಹಸ್ತಪ್ರತಿ ಕರೆದು, ಆಯ್ಕೆಯಾದದ್ದನ್ನು ಪುಸ್ತಕ ಮಾಡುವ ಪದ್ಧತಿ ಅದು. ಶಾಂತಿ ಕೆ. ಅಪ್ಪಣ್ಣ, ಪದ್ಮನಾಭ ಭಟ್ ಶೇವ್ಕಾರ ಅವರಂಥ ಕಥೆಗಾರರ ಮೊದಲ ಪುಸ್ತಕ ಆ ದಾರಿಯಲ್ಲೇ ಬಂತು. ಒಬ್ಬ ಲೇಖಕ ತನ್ನ ಗಳಿಕೆಯನ್ನೂ ಸಮಯವನ್ನೂ ಇತರರ ಮೊದಲ ಪುಸ್ತಕಕ್ಕೆ ಕೊಡುವುದು ಕನ್ನಡದ ಹಳೆಯ ಸಂಪ್ರದಾಯ, ಅದಿನ್ನೂ ಉಸಿರಾಡುತ್ತಿದೆ. ಆದರೆ ಇಡೀ ಭಾಷೆಯ ಹೊಸ ಬರವಣಿಗೆ ಕೆಲವೇ ಜನರ ಒಳ್ಳೆಯತನದ ಮೇಲೆ ನಿಲ್ಲಬಾರದು.

ಆಗಬೇಕಾದ್ದು ದೊಡ್ಡದೇನಲ್ಲ. ಚೊಚ್ಚಲ ಕೃತಿಯ ಪ್ರೋತ್ಸಾಹಧನದಲ್ಲಿ ಒಂದು ಪಾಲು ಹಸ್ತಪ್ರತಿ ತಿದ್ದುವವರ ಸಂಭಾವನೆಗೆಂದು ಬೇರೆಯಾಗಿ ತೆಗೆದಿಡಲಿ. ಮುಖಪುಟ ಕಲಾವಿದರ ಹೆಸರು ಹಾಕುವ ಪುಟದಲ್ಲೇ ಸಂಪಾದಕರ ಹೆಸರೂ ಅಚ್ಚಾಗಲಿ. ಹೆಸರಿದ್ದರೆ ಹೊಣೆಯೂ ಇರುತ್ತದೆ. ಪ್ರಕಾಶಕರು ಪುಸ್ತಕ ತರುವ ದಿನಾಂಕವನ್ನು ಆಮಂತ್ರಣ ಪತ್ರಿಕೆಯಿಂದ ಹಿಂದಕ್ಕೆ ಎಣಿಸದೆ, ಕೊನೆಯ ತಿದ್ದುಪಡಿಯಿಂದ ಮುಂದಕ್ಕೆ ಎಣಿಸಲಿ.

ನಮ್ಮ ಪಾಲಿನದನ್ನು ನಾವು ಶುರು ಮಾಡುತ್ತಿದ್ದೇವೆ. ಮುಂದಿನ ಸಂಚಿಕೆಯಿಂದ ಈ ಪತ್ರಿಕೆಗೆ ಬರುವ ಪ್ರತಿಯೊಂದು ಕಥೆಗೂ, ಪ್ರಕಟಿಸಲಾಗದ್ದಕ್ಕೂ, ಓದಿದವರ ಒಂದೆರಡು ಪ್ರಶ್ನೆಗಳ ಜೊತೆಗೆ ಉತ್ತರ ಬರುತ್ತದೆ. ತಡವಾದೀತು, ತಪ್ಪುವುದಿಲ್ಲ. ಕಥೆ ಕಳಿಸುವವರು ಫೋನ್ ನಂಬರ್ ಬರೆದಿರಲಿ. ಕೈಯಲ್ಲಿ ಬರೆಯುವವರು ಹಾಳೆಯ ಎಡಕ್ಕೆ ಅಗಲವಾದ ಅಂಚು ಬಿಡಲಿ, ಟೈಪ್ ಮಾಡುವವರು ಸಾಲುಗಳ ನಡುವೆ ಜಾಗ ಕೊಡಲಿ. ಪ್ರಶ್ನೆ ಬರೆಯಲು ಅದು ಬೇಕಾಗುತ್ತದೆ.